ಗಾಳಿಯ ಮೇಲೆ ನಿಂತ ಗಾಡಿ

ಜಲ್ಲಿ ಸಾಗಿಸುವ ಲಾರಿಯನ್ನು ನೀವು ಹಿಂದಿನಿಂದ ಗಮನಿಸಿದ್ದೀರಾ? ಖಾಲಿ ಇದ್ದಾಗ ಅದರ ಹಿಂಭಾಗ ಎತ್ತರವಾಗಿ ನಿಂತಿರುತ್ತದೆ. ಜಲ್ಲಿ ಬೀಳುತ್ತಾ ಹೋದಂತೆ ಮೈ ಕುಗ್ಗುತ್ತಾ ಬರುತ್ತದೆ. ಚಕ್ರಕ್ಕೂ ಮೇಲಿನ ತೊಟ್ಟಿಗೂ ನಡುವಿನ ಜಾಗ ಕಿರಿದಾಗುತ್ತದೆ. ಜಲ್ಲಿ ಸುರಿದು ಬಂದ ಮೇಲೆ ಮತ್ತೆ ಮೊದಲಿನ ಎತ್ತರ!

ಇದಕ್ಕೆ ಕಾರಣ ಅಚ್ಚಿನ ಮೇಲೆ ಕುಳಿತಿರುವ ಉಕ್ಕಿನ ಪಟ್ಟಿಗಳು. ಬಿಲ್ಲಿನಂತೆ ಬಾಗಿದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ. ಭಾರ ಬಿದ್ದಾಗ ಅವು ನೆಟ್ಟಗಾಗುತ್ತವೆ, ಭಾರ ಇಳಿದಾಗ ಮತ್ತೆ ಬಾಗುತ್ತವೆ. ಚಕ್ರ ಗುಂಡಿಗೆ ಬಿದ್ದರೂ ಆ ಹೊಡೆತ ಪೂರ್ತಿಯಾಗಿ ಮೇಲಕ್ಕೆ ಬರದಂತೆ ತಡೆಯುವುದು ಇವುಗಳ ಕೆಲಸ. ಕಾರುಗಳಲ್ಲಿ ಪಟ್ಟಿಗಳ ಬದಲು ಸಾಮಾನ್ಯವಾಗಿ ಉಕ್ಕಿನ ಸುರುಳಿಗಳಿರುತ್ತವೆ. ಸ್ಪ್ರಿಂಗು, ಅದರ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರು, ಚಕ್ರವನ್ನು ಹಿಡಿದಿರುವ ತೋಳುಗಳು ಇವೆಲ್ಲ ಸೇರಿದ ವ್ಯವಸ್ಥೆಗೆ ಸಸ್ಪೆನ್ಷನ್ ಎನ್ನುತ್ತಾರೆ.

ಉಕ್ಕಿನ ಸ್ಪ್ರಿಂಗಿಗೆ ಒಂದೇ ಒಂದು ವಿದ್ಯೆ ಗೊತ್ತು. ಭಾರ ಹೆಚ್ಚಿದರೆ ಕುಗ್ಗುವುದು, ಭಾರ ಇಳಿದರೆ ಏಳುವುದು. ಹಾಗಾದರೆ ಎಷ್ಟೇ ಭಾರ ಹೇರಿದರೂ ಕುಗ್ಗದೆ ಒಂದೇ ಎತ್ತರದಲ್ಲಿ ನಿಲ್ಲುವ ಗಾಡಿ ಇರಲು ಸಾಧ್ಯವೇ? ಬೇಕೆಂದಾಗ ಮೈಯನ್ನು ತಾನೇ ಎತ್ತಿಕೊಳ್ಳುವ ಗಾಡಿ? ಇದೆ. ಅದು ಉಕ್ಕಿನ ಬದಲು ಗಾಳಿಯ ಮೇಲೆ ನಿಂತಿರುತ್ತದೆ.

ಗಾಳಿಯೂ ಸ್ಪ್ರಿಂಗೇ

ಸೂಜಿಯಿಲ್ಲದ ಹೊಸ ಸಿರಿಂಜೊಂದನ್ನು ತೆಗೆದುಕೊಳ್ಳಿ. ಒಳಗಿನ ದಂಡವನ್ನು ಅರ್ಧಕ್ಕೆ ಎಳೆದು, ತುದಿಯ ರಂಧ್ರವನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ. ಈಗ ದಂಡವನ್ನು ಒತ್ತಿ ಬಿಡಿ. ಅದು ಹಿಂದಕ್ಕೆ ಪುಟಿಯುತ್ತದೆ. ಒತ್ತಿದಷ್ಟೂ ಒಳಗಿನ ಗಾಳಿ ಹೆಚ್ಚು ಗಟ್ಟಿಯಾಗಿ ಎದುರು ತಳ್ಳುವುದು ನಿಮ್ಮ ಬೆರಳಿಗೇ ತಿಳಿಯುತ್ತದೆ. ಗಾಳಿಯನ್ನು ಅರ್ಧ ಜಾಗಕ್ಕೆ ಒತ್ತಿದರೆ ಅದರ ಒತ್ತಡ ಎರಡು ಪಟ್ಟಾಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದರು.

ಮಾಡಿ ನೋಡಿ

ಇನ್ನೊಂದು ಪ್ರಯೋಗ ಇದಕ್ಕಿಂತ ಮುಖ್ಯ, ತಪ್ಪದೆ ಮಾಡಿ. ತೂತಿಲ್ಲದ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಅಂಚಿನಲ್ಲಿ ಚಪ್ಪಟೆಯಾಗಿ ಇಡಿ. ಚೀಲದ ಬಾಯಿ ಮೇಜಿನಿಂದ ಹೊರಗೆ ಇರಲಿ. ಚೀಲದ ಮೇಲೆ ನಾಲ್ಕು ಪಠ್ಯಪುಸ್ತಕಗಳನ್ನು ಇಟ್ಟು, ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಊದಿ. (ಚೀಲದೊಳಗಿನ ಗಾಳಿಯನ್ನು ಬಾಯಿಂದ ಎಳೆದುಕೊಳ್ಳಬೇಡಿ. ಚೀಲವನ್ನು ಮುಖಕ್ಕೆ ಹಾಕಿಕೊಳ್ಳುವ ಆಟ ಎಂದೂ ಬೇಡ.)

ಪುಸ್ತಕಗಳು ಮೇಲೇಳುತ್ತವೆ! ನಿಮ್ಮ ಉಸಿರಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ನಾಲ್ಕು ಪುಸ್ತಕಗಳ ತೂಕ ಸುಮಾರು 2 ಕಿಲೋಗ್ರಾಂ ಎಂದುಕೊಳ್ಳಿ. ಚೀಲ 300 ಚದರ ಸೆಂಟಿಮೀಟರ್ ಜಾಗದಲ್ಲಿ ಪುಸ್ತಕವನ್ನು ತಾಗಿದ್ದರೆ, ಒಂದೊಂದು ಚದರ ಸೆಂಟಿಮೀಟರಿನ ಪಾಲಿಗೆ ಬರುವುದು 7 ಗ್ರಾಂ ಭಾರದಷ್ಟು ಮಾತ್ರ. ಅಷ್ಟನ್ನು ನಿಮ್ಮ ಉಸಿರು ಸುಲಭವಾಗಿ ತಳ್ಳುತ್ತದೆ. ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದರೆ ಬಲ ಸಿಗುತ್ತದೆ ಎಂದು ಪಾಠದಲ್ಲಿ ಓದುವುದು ಇದನ್ನೇ.

ಈಗ ಎರಡು ಸಂಗತಿಗಳನ್ನು ಹೋಲಿಸಿ. ಪುಸ್ತಕಗಳು ಅಷ್ಟೇ ಇರಲಿ, ಇನ್ನೊಂದು ಉಸಿರು ಊದಿ. ಪುಸ್ತಕಗಳು ಇನ್ನಷ್ಟು ಮೇಲೇರುತ್ತವೆ. ಮೊದಲಿಗಿಂತ ತುಂಬಾ ಗಟ್ಟಿಯಾಗಿ ಊದಬೇಕಾಯಿತೇ? ಇಲ್ಲ, ಹೆಚ್ಚು ಕಡಿಮೆ ಮೊದಲಿನಷ್ಟೇ. ಆಮೇಲೆ ಇನ್ನೂ ನಾಲ್ಕು ಪುಸ್ತಕ ಹೇರಿ ಊದಿ. ಈ ಸಲ ಗಟ್ಟಿಯಾಗಿ ಊದಬೇಕಾಗುತ್ತದೆ.

ಅಂದರೆ ಭಾರ ಹೆಚ್ಚಿದರೆ ಒತ್ತಡ ಹೆಚ್ಚಬೇಕು. ಎತ್ತರ ಹೆಚ್ಚಬೇಕಾದರೆ ಸಾಕಷ್ಟು ಗಾಳಿ ಸೇರಿದರಾಯಿತು, ಒತ್ತಡ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಎರಡು ಸಾವಿರ ಕಿಲೋ ತೂಕದ ಪುಸ್ತಕ

ಪುಸ್ತಕಗಳ ಜಾಗದಲ್ಲಿ ವಾಹನವನ್ನೂ ಚೀಲದ ಜಾಗದಲ್ಲಿ ದಪ್ಪ ರಬ್ಬರಿನ ಚೀಲವನ್ನೂ ಊಹಿಸಿಕೊಳ್ಳಿ. ಒಳಗೆ ನೂಲಿನ ಹೆಣಿಗೆ ಸೇರಿಸಿ ಬಲಪಡಿಸಿದ ಇಂಥ ಚೀಲ ಪ್ರತಿ ಚಕ್ರದ ಬಳಿಯೂ ಒಂದೊಂದು ಇರುತ್ತದೆ. ಇದೇ ಗಾಳಿಯ ಸ್ಪ್ರಿಂಗು. ಬೆಂಗಳೂರಿನ ನಗರ ಸಾರಿಗೆ ಸಂಸ್ಥೆಯು 2006ರ ಹೊತ್ತಿಗೆ ರಸ್ತೆಗೆ ತಂದ ತಗ್ಗು ನೆಲದ ವೋಲ್ವೋ ಬಸ್ಸುಗಳು ಇಂಥ ಚೀಲಗಳ ಮೇಲೆಯೇ ನಿಂತವು. ನಿಲ್ದಾಣದಲ್ಲಿ ಬಾಗಿಲಿನ ಕಡೆಯ ಚೀಲಗಳಿಂದ ಗಾಳಿಯನ್ನು ಪುಸ್ಸೆಂದು ಬಿಟ್ಟು, ಆನೆ ಮಂಡಿಯೂರುವಂತೆ ಆ ಬದಿಗೆ ತಗ್ಗುವ ಏರ್ಪಾಡು ಅವುಗಳಲ್ಲಿತ್ತು. ವಯಸ್ಸಾದವರಿಗೆ ಹತ್ತಲು ಅನುಕೂಲ.

ನಾವಿಲ್ಲಿ ಬಸ್ಸನ್ನು ಬಿಟ್ಟು ಎಸ್‌ಯುವಿಯ ಬಗ್ಗೆ ನೋಡೋಣ. ಕಾರಿನ ಸುಖವೂ ಬೇಕು, ಜೀಪಿನಂತೆ ಕಲ್ಲುಮಣ್ಣಿನ ದಾರಿಯಲ್ಲೂ ಹೋಗಬೇಕು ಎನ್ನುವವರಿಗಾಗಿ ಮಾಡಿದ ದೊಡ್ಡ ವಾಹನ ಇದು. ಕಂಪ್ಯೂಟರಿನಿಂದ ನಿಯಂತ್ರಿಸುವ ಗಾಳಿ ಸ್ಪ್ರಿಂಗುಗಳು ಬ್ರಿಟನ್ನಿನ ರೇಂಜ್ ರೋವರ್ ವಾಹನದಲ್ಲಿ 1992ರಲ್ಲಿ ಬಂದವು. ಅಮೆರಿಕದಲ್ಲಿ 2010ರಲ್ಲಿ ಬಂದ ಜೀಪ್ ಗ್ರ್ಯಾಂಡ್ ಚೆರೋಕಿಯ ಕೆಲವು ಮಾದರಿಗಳಲ್ಲೂ ಕಾರ್ಖಾನೆಯಿಂದಲೇ ಇವನ್ನು ಜೋಡಿಸಿ ಕಳುಹಿಸುತ್ತಿದ್ದರು.

ಒಂದು ಲೆಕ್ಕ ಮಾಡೋಣ. ಎಸ್‌ಯುವಿಯೊಂದು 2,400 ಕಿಲೋಗ್ರಾಂ ಇದೆ, ನಾಲ್ಕು ಚೀಲಗಳಿಗೂ ಭಾರ ಸಮನಾಗಿ ಹಂಚಿದೆ ಎಂದುಕೊಳ್ಳಿ. ಒಂದು ಚೀಲದ ಪಾಲಿಗೆ 600 ಕಿಲೋಗ್ರಾಂ. ಚೀಲದ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಆದರೆ, ಪ್ರತಿ ಚದರ ಸೆಂಟಿಮೀಟರಿಗೆ 6 ಕಿಲೋಗ್ರಾಂ ಭಾರದಷ್ಟು ಒತ್ತಡ ಬೇಕು. ಇದು ಸಾಮಾನ್ಯ ಕಾರಿನ ಟಯರಿನೊಳಗಿನ ಒತ್ತಡದ ಸುಮಾರು ಮೂರು ಪಟ್ಟು. ತಲಾ 60 ಕಿಲೋ ತೂಗುವ ಐದು ಜನ ಹತ್ತಿ ಕುಳಿತರೆ ಒಟ್ಟು 300 ಕಿಲೋ ಹೆಚ್ಚಾಯಿತು. ಆಗ 6ರ ಬದಲು ಆರೂಮುಕ್ಕಾಲು ಬೇಕಾಗುತ್ತದೆ.

ಈಗ ಅದೇ ವಾಹನವನ್ನು ಆರೂವರೆ ಸೆಂಟಿಮೀಟರ್ ಮೇಲೆತ್ತಬೇಕು. ಎಷ್ಟು ಗಾಳಿ ಬೇಕು? ಒಂದು ಚೀಲದಲ್ಲಿ ಹೆಚ್ಚುವ ಜಾಗ 100ನ್ನು 6.5ರಿಂದ ಗುಣಿಸಿದಷ್ಟು, ಅಂದರೆ 650 ಘನ ಸೆಂಟಿಮೀಟರ್. ನಾಲ್ಕೂ ಸೇರಿ 2.6 ಲೀಟರ್. ಆ ಗಾಳಿ ಹೊರಗಿನ ಗಾಳಿಗಿಂತ ಸುಮಾರು ಏಳು ಪಟ್ಟು ಒತ್ತಿ ತುಂಬಿದ್ದು (ಹೊರಗಿನ ಗಾಳಿಯದೇ ಒಂದು, ಮೇಲೆ ನಮ್ಮ ಆರು). ಆದ್ದರಿಂದ ಹೊರಗಿನಿಂದ ಎಳೆದುಕೊಳ್ಳಬೇಕಾದ ಗಾಳಿ ಸುಮಾರು 18 ಲೀಟರ್. ಅಂಗಡಿಯಲ್ಲಿ ಕಾಣುವ 15 ಕಿಲೋ ಎಣ್ಣೆ ಡಬ್ಬದಲ್ಲಿ ಹಿಡಿಯುವುದಕ್ಕಿಂತ ತುಸು ಹೆಚ್ಚು, ಅಷ್ಟೇ! ಒಂದು ಡಬ್ಬ ಗಾಳಿ ಎರಡು ಸಾವಿರ ಕಿಲೋ ದಾಟಿದ ವಾಹನವನ್ನು ಎತ್ತಿ ನಿಲ್ಲಿಸುತ್ತದೆ.

ಈ ಗಾಳಿಯನ್ನು ತುಂಬುವುದು ವಾಹನದಲ್ಲೇ ಇರುವ ಪುಟ್ಟ ವಿದ್ಯುತ್ ಕಂಪ್ರೆಸರು. ಪಂಕ್ಚರ್ ಅಂಗಡಿಯಲ್ಲಿ ಇರುವಂಥದ್ದೇ, ಆದರೆ ಚಿಕ್ಕದು. ಸೈಕಲ್ ಪಂಪು ಹೊಡೆದಾಗ ತಳ ಬಿಸಿಯಾಗುವ ಹಾಗೆ ಇದೂ ಬಿಸಿಯಾಗುತ್ತದೆ. ತುಂಬಾ ಬಿಸಿಯಾದರೆ ತಾನೇ ನಿಂತು ಸುಧಾರಿಸಿಕೊಳ್ಳುತ್ತದೆ. ಗಾಳಿಯ ಜೊತೆ ತೇವಾಂಶ ಒಳಹೋದರೆ ಚಳಿದೇಶಗಳಲ್ಲಿ ಅದು ಹೆಪ್ಪುಗಟ್ಟಿ ಕೊಳವೆಗಳನ್ನು ಮುಚ್ಚಿಬಿಡಬಹುದು. ಅದಕ್ಕಾಗಿ ಗಾಳಿಯನ್ನು ಮೊದಲು ಒಣಗಿಸುವ ಹರಳುಗಳ ಮೂಲಕ ಹಾಯಿಸುತ್ತಾರೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಪುಟ್ಟ ಪೊಟ್ಟಣದಲ್ಲಿರುವ ಸಿಲಿಕಾ ಜೆಲ್ ಮಾಡುವ ಕೆಲಸವನ್ನೇ ಈ ಹರಳುಗಳೂ ಮಾಡುತ್ತವೆ.

ಎತ್ತರ ತಿಳಿಯುವುದು ಹೇಗೆ?

ಗಾಳಿಯನ್ನು ಎಷ್ಟು ತುಂಬಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವವರು ಯಾರು? ಒತ್ತಡ ಅಳೆದರೆ ಸಾಲದು. ಒತ್ತಡದಿಂದ ತಿಳಿಯುವುದು ಭಾರವೇ ಹೊರತು ಎತ್ತರವಲ್ಲ ಎಂದು ಪುಸ್ತಕದ ಪ್ರಯೋಗದಲ್ಲಿ ನೋಡಿದೆವಲ್ಲ? ಎತ್ತರವನ್ನು ಬೇರೆಯಾಗಿಯೇ ಅಳೆಯಬೇಕು.

ಅದಕ್ಕೆ ಪ್ರತಿ ಚಕ್ರದ ಬಳಿ ಒಂದು ಸಂವೇದಕ (ಸೆನ್ಸರ್) ಇರುತ್ತದೆ. ವಾಹನದ ಮೈಗೆ ಬಿಗಿದ ಪೆಟ್ಟಿಗೆ, ಅದರಿಂದ ಹೊರಟ ಒಂದು ಪುಟ್ಟ ಸನ್ನೆ. ಸನ್ನೆಯ ತುದಿಯಿಂದ ಒಂದು ಗೇಣಿಗಿಂತಲೂ ಚಿಕ್ಕದಾದ ಸರಳು ಹೊರಟು ಚಕ್ರದ ತೋಳಿಗೆ ಸೇರಿರುತ್ತದೆ. ಮೈ ತಗ್ಗಿದರೆ ಸನ್ನೆ ಒಂದು ಕಡೆಗೆ ತಿರುಗುತ್ತದೆ, ಮೈ ಎದ್ದರೆ ಇನ್ನೊಂದು ಕಡೆಗೆ. ಆ ಕೋನವನ್ನು ಕಂಪ್ಯೂಟರು ಓದುತ್ತದೆ. ತಗ್ಗಿದೆ ಎನಿಸಿದರೆ ಗಾಳಿ ತುಂಬುತ್ತದೆ, ಎತ್ತರವಾಗಿದೆ ಎನಿಸಿದರೆ ಗಾಳಿ ಬಿಡುತ್ತದೆ. ಚಿಕ್ಕಪುಟ್ಟ ಗುಂಡಿಗಳಿಗೆಲ್ಲ ಅದು ಗಡಿಬಿಡಿ ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿನ ಸರಾಸರಿ ನೋಡಿ ನಿರ್ಧರಿಸುತ್ತದೆ.

ನಿಮ್ಮ ಶಾಲೆಯ ಅಥವಾ ಮನೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡಿನ ನಲ್ಲಿ ಇದ್ದರೆ ಈ ತಂತ್ರ ನಿಮಗೆ ಆಗಲೇ ಗೊತ್ತು. ನೀರು ಏರಿದಂತೆ ಚೆಂಡು ಏರುತ್ತದೆ, ಕಂಬಿ ತಿರುಗುತ್ತದೆ, ನಲ್ಲಿ ಮುಚ್ಚುತ್ತದೆ. ನೀರು ಇಳಿದರೆ ಮತ್ತೆ ತೆರೆಯುತ್ತದೆ.

ಚೆರೋಕಿಯ ಕಂಪ್ಯೂಟರಿಗೆ ಹೀಗೆ ಹಲವು ಎತ್ತರಗಳು ಗೊತ್ತಿದ್ದವು. ಸಾಧಾರಣ ಸ್ಥಿತಿಯಿಂದ 33 ಮಿಲಿಮೀಟರ್ ಮೇಲೆ ಒಂದು, 65 ಮಿಲಿಮೀಟರ್ ಮೇಲೆ ಇನ್ನೊಂದು. ಇವು ಕಲ್ಲುದಾರಿಗೆ. ಹೆದ್ದಾರಿಯ ವೇಗದಲ್ಲಿ ಗಾಳಿಯ ತಡೆ ಕಡಿಮೆಯಾಗಲೆಂದು 13 ಮಿಲಿಮೀಟರ್ ಕೆಳಗೆ. ನಿಲ್ಲಿಸಿ ಇಳಿಯುವಾಗ 38 ಮಿಲಿಮೀಟರ್ ಕೆಳಗೆ. ಕಲ್ಲುದಾರಿಯ ಎತ್ತರದಲ್ಲಿ ವೇಗ ಹೆಚ್ಚಿಸಿದರೆ ವಾಹನ ತಾನಾಗಿಯೇ ಕೆಳಗಿಳಿಯುತ್ತಿತ್ತು. ಚಾಲಕನನ್ನು ಕೇಳುತ್ತಲೇ ಇರಲಿಲ್ಲ. ಅದೇಕೆ ಎಂದು ಮುಂದೆ ನೋಡೋಣ.

ಇನ್ನೂ ಎತ್ತರ ಬೇಕು!

ಅಮೆರಿಕದ ಯೂಟಾ ರಾಜ್ಯದಲ್ಲಿ ಮೋಆಬ್ ಎಂಬ ಪಟ್ಟಣವಿದೆ. ಸುತ್ತಲೂ ಕೆಂಪು ಮರಳುಗಲ್ಲಿನ ದಿಬ್ಬಗಳು. ಅವುಗಳ ಮೇಲೆ ವಾಹನ ಹತ್ತಿಸುವುದು ಹಲವರಿಗೆ ಹವ್ಯಾಸ. ಬಂಡೆ ವಾಹನದ ಹೊಟ್ಟೆಗೆ ಉಜ್ಜದಿರಬೇಕಾದರೆ ಎತ್ತರ ಬೇಕು, ದೊಡ್ಡ ಚಕ್ರ ಹಾಕಬೇಕಾದರೂ ಎತ್ತರ ಬೇಕು. ಕಾರ್ಖಾನೆಯವರು ಕೊಟ್ಟ ಎತ್ತರ ಇಂಥವರಿಗೆ ಸಾಲುವುದಿಲ್ಲ.

ಉಕ್ಕಿನ ಸುರುಳಿಯ ವಾಹನವಾದರೆ ಕೆಲಸ ಸುಲಭ. ಸುರುಳಿಯ ಮೇಲೆ ದಪ್ಪ ಬಿಲ್ಲೆಯೊಂದನ್ನು ಇಟ್ಟರೆ ಆ ದಪ್ಪಕ್ಕೆ ತಕ್ಕಂತೆ ಮೈ ಏರುತ್ತದೆ. ಗಾಳಿ ಚೀಲದ ಮೇಲೂ ಹಾಗೆಯೇ ಬಿಲ್ಲೆ ಇಟ್ಟರೆ ಏನಾಗುತ್ತದೆ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ವಾಹನ ಮೊದಲು ಏರುತ್ತದೆ. ಸನ್ನೆ ತಿರುಗುತ್ತದೆ. ‘ಅಯ್ಯೋ, ಎತ್ತರ ಹೆಚ್ಚಾಯಿತು’ ಎಂದು ಕಂಪ್ಯೂಟರು ಗಾಳಿ ಬಿಡುತ್ತದೆ. ವಾಹನ ಮತ್ತೆ ಹಳೆಯ ಎತ್ತರಕ್ಕೇ ಬಂದು ನಿಲ್ಲುತ್ತದೆ! ಇಂಥ ವಾಹನದ ಎತ್ತರ ಸ್ಪ್ರಿಂಗಿನಲ್ಲಿಲ್ಲ, ಅಳತೆಯಲ್ಲಿದೆ.

ಹಾಗಾದರೆ ಅಳತೆಯನ್ನೇ ಬದಲಿಸಿದರೆ? ಹವ್ಯಾಸಿಗಳು ಮಾಡುವುದು ಇದನ್ನೇ. ಸಂವೇದಕದ ಪುಟ್ಟ ಸರಳನ್ನು ಬಿಚ್ಚಿ, ಬೇರೆ ಉದ್ದದ ಸರಳು ಹಾಕುತ್ತಾರೆ. ಜೋಡಣೆ ಹೇಗಿದೆ ಎಂಬುದರ ಮೇಲೆ ಕೆಲವು ವಾಹನಗಳಿಗೆ ಗಿಡ್ಡ ಸರಳು ಬೇಕು, ಕೆಲವಕ್ಕೆ ಉದ್ದದ್ದು. ವಾಹನ ಸರಿಯಾದ ಎತ್ತರದಲ್ಲೇ ನಿಂತಿದೆ. ಆದರೆ ಹೊಸ ಸರಳಿನಿಂದಾಗಿ ಸನ್ನೆ ತಿರುಗಿ, ಮೈ 50 ಮಿಲಿಮೀಟರ್ ತಗ್ಗಿದೆ ಎಂದು ತೋರಿಸುತ್ತದೆ. ಕಂಪ್ಯೂಟರು ಅದನ್ನು ನಂಬಿ ಗಾಳಿ ತುಂಬುತ್ತದೆ. ಕೈಯಷ್ಟು ಉದ್ದವೂ ಇಲ್ಲದ ನಾಲ್ಕು ಸರಳುಗಳಿಂದ ಇಡೀ ವಾಹನ 50 ಮಿಲಿಮೀಟರ್ ಮೇಲೆದ್ದು ನಿಲ್ಲುತ್ತದೆ. ಟ್ಯಾಂಕಿನ ಚೆಂಡಿನ ಕಂಬಿಯನ್ನು ಬಗ್ಗಿಸಿದರೆ ನೀರಿನ ಮಟ್ಟ ಬದಲಾಗುವ ಹಾಗೆ.

ಜಾಣ್ಮೆಯ ಕೆಲಸವೇ, ಒಪ್ಪೋಣ. ಆದರೆ ಕಂಬಿಯನ್ನು ಅತಿಯಾಗಿ ಬಗ್ಗಿಸಿದರೆ ಟ್ಯಾಂಕು ತುಂಬಿ ಚೆಲ್ಲುತ್ತದೆ. ಚೆಂಡಿಗೆ ಟ್ಯಾಂಕಿನ ಅಂಚು ಎಲ್ಲಿದೆ ಎಂಬುದು ಗೊತ್ತಿಲ್ಲ. ಕಂಪ್ಯೂಟರಿಗೂ ಸನ್ನೆಯ ಕೋನ ಬಿಟ್ಟು ಬೇರೇನೂ ಗೊತ್ತಿಲ್ಲ.

ಬೆಂಕಿಪೆಟ್ಟಿಗೆ ಹೇಳುವ ಗುಟ್ಟು

ಪರೀಕ್ಷೆ ಬರೆಯುವ ಪ್ಯಾಡಿನ ಮೇಲೆ ಒಂದು ಬೆಂಕಿಪೆಟ್ಟಿಗೆಯನ್ನು ಮಲಗಿಸಿ, ಇನ್ನೊಂದನ್ನು ಉದ್ದಕ್ಕೆ ನಿಲ್ಲಿಸಿ. ಜಾರದಂತೆ ಎರಡರ ಮುಂದೆಯೂ ಹಳೆಯ ಸೈಕಲ್ ಟ್ಯೂಬಿನ ತೆಳುವಾದ ಚೂರು ಅಂಟಿಸಿ. ಪ್ಯಾಡಿನ ಒಂದು ಬದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಮೊದಲು ಉರುಳುವುದು ಯಾವುದು? ಎರಡರ ತೂಕವೂ ಒಂದೇ. ಆದರೆ ನಿಂತ ಪೆಟ್ಟಿಗೆಯ ಗುರುತ್ವ ಕೇಂದ್ರ ಎತ್ತರದಲ್ಲಿದೆ.

ಎಸ್‌ಯುವಿಗೂ ಇದೇ ನಿಯಮ. ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬರುವ ಸಂಖ್ಯೆ ದೊಡ್ಡದಿದ್ದಷ್ಟೂ ವಾಹನ ಭದ್ರ. ಉದಾಹರಣೆಗೆ ಆ ಅರ್ಧ 80 ಸೆಂಟಿಮೀಟರ್, ಎತ್ತರ 70 ಸೆಂಟಿಮೀಟರ್ ಇದ್ದರೆ 1.14 ಬರುತ್ತದೆ. ಮೈಯನ್ನು 10 ಸೆಂಟಿಮೀಟರ್ ಎತ್ತಿದರೆ ಹೆಚ್ಚು ಕಡಿಮೆ 80 ಭಾಗಿಸು 80, ಅಂದರೆ 1. ತಿರುವಿನಲ್ಲಿ ವೇಗವಾಗಿ ಹೋಗುವಾಗ ವಾಹನವನ್ನು ಹೊರಕ್ಕೆ ಉರುಳಿಸಲು ಈಗ ಮೊದಲಿಗಿಂತ ಕಡಿಮೆ ವೇಗ ಸಾಕು.

ವೇಗ ಹೆಚ್ಚಿದಾಗ ಕಾರ್ಖಾನೆಯ ಕಂಪ್ಯೂಟರು ಚಾಲಕನನ್ನು ಕೇಳದೆ ವಾಹನವನ್ನು ಇಳಿಸುತ್ತಿದ್ದುದು ಏಕೆಂದು ಈಗ ತಿಳಿಯಿತೇ? ಸರಳು ಬದಲಿಸಿದ ವಾಹನದಲ್ಲೂ ಅದು ಇಳಿಸುತ್ತದೆ. ಆದರೆ 13 ಮಿಲಿಮೀಟರ್ ಕೆಳಗಿದ್ದೇನೆ ಎಂದು ಅದು ತಿಳಿದಿರುವಾಗ ನಿಜವಾಗಿ ಹಳೆಯ ಮಟ್ಟಕ್ಕಿಂತ 37 ಮಿಲಿಮೀಟರ್ ಮೇಲಿರುತ್ತದೆ.

ಇನ್ನೊಂದು ತೊಂದರೆ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಚಕ್ರ ಮೇಲೆ ಕೆಳಗೆ ಆಡಬಹುದಾದ ಒಟ್ಟು ದೂರ ಹೆಚ್ಚುವುದಿಲ್ಲ, ಅದನ್ನು ಶಾಕ್ ಅಬ್ಸಾರ್ಬರಿನ ಉದ್ದ ಮೊದಲೇ ನಿರ್ಧರಿಸಿದೆ. ಮೈಯನ್ನು ಎತ್ತುವುದೆಂದರೆ ಚಕ್ರವನ್ನು ಕೆಳಗೆ ತಳ್ಳುವುದೇ. ಏಣಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತವನಿಗೆ ಇನ್ನು ಹತ್ತಲು ಮೆಟ್ಟಿಲಿಲ್ಲ. ಹಾಗೆಯೇ ತೀರಾ ಎತ್ತಿದ ವಾಹನದ ಚಕ್ರಕ್ಕೆ ಗುಂಡಿ ಬಂದಾಗ ಇನ್ನಷ್ಟು ಕೆಳಗಿಳಿಯಲು ದೂರ ಉಳಿದಿರುವುದಿಲ್ಲ. ಚಕ್ರ ನೆಲ ಬಿಟ್ಟು ತೂಗುತ್ತದೆ. ನೆಲ ಮುಟ್ಟದ ಚಕ್ರ ತಳ್ಳುವುದೂ ಇಲ್ಲ, ಬ್ರೇಕು ಹಿಡಿಯುವುದೂ ಇಲ್ಲ. ಬಂಡೆ ಹತ್ತಲೆಂದು ಎತ್ತಿಸಿದ ಎತ್ತರವೇ ಬಂಡೆಯ ಮೇಲೆ ಕೈಕೊಡುತ್ತದೆ! ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡಗಳೂ ಹೆಚ್ಚು ಓರೆಯಾಗಿ ತಿರುಗಬೇಕಾಗಿ ಅವುಗಳ ಕೀಲುಗಳು ಬೇಗ ಸವೆಯುತ್ತವೆ.

ಆದ್ದರಿಂದ ತಿಳಿದವರು ಎತ್ತರ ಎಷ್ಟು ಏರೀತು ಎಂದು ಕೇಳುವುದಿಲ್ಲ, ಚಕ್ರಕ್ಕೆ ಇನ್ನೆಷ್ಟು ಇಳಿಯಲು ಉಳಿದೀತು ಎಂದು ಅಳೆಯುತ್ತಾರೆ. ಹೆದ್ದಾರಿಗೆ ಬರುವ ಮೊದಲು ಹಳೆಯ ಸರಳುಗಳನ್ನೇ ಮತ್ತೆ ಜೋಡಿಸುವವರೂ ಇದ್ದಾರೆ.

ಗಾಳಿ ಸೋರಿದರೆ?

ರಬ್ಬರಿಗೆ ವಯಸ್ಸಾಗುತ್ತದೆ. ಬಿರುಕು ಬಿಟ್ಟ ಚೀಲದಿಂದ ಗಾಳಿ ಸಣ್ಣಗೆ ಸೋರಿ, ರಾತ್ರಿ ನಿಲ್ಲಿಸಿದ ವಾಹನ ಬೆಳಗ್ಗೆ ಒಂದು ಮೂಲೆಯಲ್ಲಿ ಕುಸಿದು ಕುಳಿತಿರುವುದುಂಟು. ಅಮೆರಿಕದ ಕ್ಯಾಡಿಲಾಕ್ ಕಂಪನಿ 1957ರಲ್ಲೇ ದುಬಾರಿ ಕಾರೊಂದಕ್ಕೆ ಗಾಳಿ ಸ್ಪ್ರಿಂಗು ಹಾಕಿತ್ತು. ಸೋರಿಕೆಯ ಕಾಟ ತಾಳಲಾರದೆ ಅನೇಕ ಮಾಲೀಕರು ಅದನ್ನು ಕಿತ್ತು ಉಕ್ಕಿನ ಸುರುಳಿ ಹಾಕಿಸಿಕೊಂಡರು.

ಇಲ್ಲಿ ನೀವು ಎಚ್ಚರದಿಂದ ಇರಬೇಕಾದ ಮಾತೊಂದಿದೆ. ಗಾಳಿಯ ಮೇಲೆ ನಿಂತ ಬಸ್ಸಾಗಲಿ ಕಾರಾಗಲಿ, ಎಂಜಿನ್ ನಿಲ್ಲಿಸಿದ ಮೇಲೂ ಸದ್ದಿಲ್ಲದೆ ಕೆಳಗಿಳಿಯಬಹುದು. ಕೊಳವೆ ಕಳಚಿದರಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ಕುಸಿಯುತ್ತದೆ. ಅನುಭವಿ ಮೆಕ್ಯಾನಿಕ್ಕುಗಳು ಮೈಯ ಕೆಳಗೆ ಗಟ್ಟಿಯಾದ ಕಬ್ಬಿಣದ ಆಧಾರ ಕೊಡದೆ ಇಂಥ ವಾಹನದಡಿ ಹೋಗುವುದೇ ಇಲ್ಲ. ಚಕ್ರದ ಸಂದಿನಲ್ಲಿ ಕೈ ಹಾಕುವುದೂ ಅಷ್ಟೇ ಅಪಾಯ. ಆಟದ ಚೆಂಡು ನಿಂತ ಬಸ್ಸಿನಡಿ ಉರುಳಿ ಹೋದರೆ ತೆವಳಿ ಒಳಗೆ ಹೋಗಬೇಡಿ. ಚಾಲಕರಿಗೆ ಹೇಳಿ, ಬಸ್ಸು ಹೊರಟ ಮೇಲೆ ಚೆಂಡು ನಿಮ್ಮದೇ.

ಯೋಚಿಸಿ, ಲೆಕ್ಕ ಮಾಡಿ

ನಮ್ಮ ಲೆಕ್ಕದ 2,400 ಕಿಲೋಗ್ರಾಂ ವಾಹನದ ಹಿಂಭಾಗದಲ್ಲಿ 200 ಕಿಲೋಗ್ರಾಂ ಅಕ್ಕಿ ಹೇರಿದ್ದಾರೆ. ಆ ಭಾರವೆಲ್ಲ ಹಿಂದಿನ ಎರಡು ಚೀಲಗಳಿಗೇ ಸಮನಾಗಿ ಬಿತ್ತು ಎಂದುಕೊಳ್ಳಿ. ಎತ್ತರ ಬದಲಾಗದಿರಲು ಆ ಚೀಲಗಳ ಒತ್ತಡ ಎಷ್ಟಾಗಬೇಕು?

ಸರಳು ಬದಲಿಸಿ 50 ಮಿಲಿಮೀಟರ್ ಎತ್ತಿದ ಚೆರೋಕಿಯೊಂದನ್ನು ಅಜ್ಜಿಯೊಬ್ಬರು ಇಳಿಯಲೆಂದು ನಿಲ್ಲಿಸಿದ್ದಾರೆ. ನಿಲುಗಡೆಯ ಎತ್ತರಕ್ಕೆ ಇಳಿದಿದ್ದೇನೆ, 38 ಮಿಲಿಮೀಟರ್ ಕೆಳಗಿದ್ದೇನೆ ಎಂದು ಕಂಪ್ಯೂಟರು ತಿಳಿದಿದೆ. ಕಾರ್ಖಾನೆಯಿಂದ ಬಂದಾಗ ಇದ್ದ ಸಾಧಾರಣ ಎತ್ತರಕ್ಕೆ ಹೋಲಿಸಿದರೆ ವಾಹನ ನಿಜವಾಗಿ ಎಲ್ಲಿದೆ? ಅಜ್ಜಿಗೆ ಇಳಿಯುವುದು ಸುಲಭವಾಯಿತೇ?